ಸೇಡಿನ ವರ್ಗಾವಣೆ ಬಂದಾಗ ನಾನು ಯಾವ ಬಾಗಿಲು ತಟ್ಟಿದೆ

ಸಂಜೆ ಐದು ಮುಕ್ಕಾಲಿಗೆ ವಾಟ್ಸಾಪಿಗೆ ಒಂದು ಪಿಡಿಎಫ್ ಬಂತು. ಬ್ಯಾಗ್ ಹೆಗಲಿಗೇರಿಸಿ ಮೆಟ್ರೋ ಕಡೆ ಹೊರಟಿದ್ದೆ. ಒಂದೇ ಪುಟ. 'ಸಾರ್ವಜನಿಕ ಹಿತದೃಷ್ಟಿಯಿಂದ, ತಕ್ಷಣದಿಂದ ಜಾರಿಗೆ ಬರುವಂತೆ' ನನ್ನನ್ನು ರಾಯಚೂರಿಗೆ ವರ್ಗ ಮಾಡಿದ್ದರು. ಬೆಂಗಳೂರಿನ ಈ ಸೀಟಿಗೆ ಬಂದು ನನಗೆ ಹದಿನಾಲ್ಕು ತಿಂಗಳಾಗಿತ್ತು ಅಷ್ಟೇ. ಅದೇ ಆದೇಶದ ಕೊನೆಯ ಸಾಲಿನಲ್ಲಿ ನನ್ನ ಜಾಗಕ್ಕೆ ಇನ್ನೊಬ್ಬರ ಹೆಸರೂ ಇತ್ತು.

ಕಾರಣ ನನಗೆ ಗೊತ್ತಿತ್ತು. ಎರಡು ತಿಂಗಳ ಹಿಂದೆ ಒಂದು ಕಾಮಗಾರಿ ಬಿಲ್ ನನ್ನ ಟೇಬಲ್‌ಗೆ ಬಂದಿತ್ತು. ಕೆಲಸ ಎಷ್ಟಾಗಿದೆ ಅಂತ ಬರೆಯುವ ಅಳತೆ ಪುಸ್ತಕದಲ್ಲಿ ಸಹಿ ಇತ್ತು, ಅಳತೆ ಇರಲಿಲ್ಲ. ಖಾಲಿ ಕಾಲಂ ಕೆಳಗೆ ಸಹಿ, ಅದರ ಮೇಲೆ ಸೀಲು. ಟಿಪ್ಪಣಿ ಹಾಳೆಯಲ್ಲಿ 'ಅಳತೆ ನಮೂದಾಗಿಲ್ಲದ ಕಾರಣ ಕಡತ ಹಿಂದಿರುಗಿಸಿದೆ' ಎಂದು ಬರೆದು ವಾಪಸ್ ಕಳಿಸಿದೆ. ಬಾಯಲ್ಲಿ ಹೇಳಿದ್ದರೆ ಬಹುಶಃ ಏನೂ ಆಗುತ್ತಿರಲಿಲ್ಲ. ಬರೆದಿದ್ದೇ ಎಡವಟ್ಟಾಯಿತು. ಮೊದಲು 'ತಡವಾಗಿ ಬರುತ್ತೀರಿ' ಎಂಬ ಮೆಮೊ, ಆಮೇಲೆ ಈ ಪಿಡಿಎಫ್.

ಆ ರಾತ್ರಿ ಒಂಬತ್ತು ಪುಟದ ಪತ್ರ ಬರೆದೆ. ಸಹೋದ್ಯೋಗಿಯೊಬ್ಬರು ಹೇಳಿದ್ದರು: ಎಲ್ಲ ಕಡೆ ಒಂದೊಂದು ಹಾಕಿಬಿಡಿ, ಲೋಕಾಯುಕ್ತ, ಮಾನವ ಹಕ್ಕು ಆಯೋಗ, ಮುಖ್ಯಮಂತ್ರಿ, ರಾಜ್ಯಪಾಲರು, ಎಲ್ಲಾದರೂ ಒಂದು ಕಡೆ ಹತ್ತುತ್ತೆ. ನಮ್ಮ ಕಚೇರಿಗಳಲ್ಲಿ ಇದು ಎಲ್ಲರೂ ಕೊಡುವ ಸಲಹೆ. ಪುಣ್ಯಕ್ಕೆ ಅಂಚೆಗೆ ಹಾಕುವ ಮುಂಚೆ ಆ ಪತ್ರವನ್ನು ನೌಕರರ ಸೇವಾ ಕೇಸು ನಡೆಸುವ ಒಬ್ಬ ಸರ್ವಿಸ್ ವಕೀಲರಿಗೆ ತೋರಿಸಿದೆ. ಅವರು ಪೆನ್ಸಿಲ್ ತೆಗೆದುಕೊಂಡು ಮೊದಲ ಪುಟದಿಂದ ಗೆರೆ ಎಳೆಯುತ್ತಾ ಹೋದರು. ಅವಮಾನ, ಅಳತೆ ಪುಸ್ತಕ, ಮೆಮೊ, ನನ್ನ ಮಗಳ ಪರೀಕ್ಷೆ, ಎಲ್ಲದರ ಮೇಲೂ ಗೆರೆ. ಕೊನೆಗೆ ಉಳಿದದ್ದು ಎರಡು ಪ್ಯಾರಾ: ಯಾವಾಗ ಈ ಹುದ್ದೆಗೆ ಬಂದೆ, ಯಾವಾಗ ವರ್ಗ ಆಯಿತು.

'ನಿಮ್ಮ ಕೈಯಲ್ಲಿ ಇರೋದು ಸೇಡಲ್ಲ, ಒಂದು ಆದೇಶ. ಆ ಆದೇಶ ಯಾರು ತಡೀಬಹುದೋ ಅಲ್ಲಿಗೆ ಹೋಗಬೇಕು' ಎಂದರು. ಕೇಳಿ ಸಿಟ್ಟೇ ಬಂತು. ಅನ್ಯಾಯ ಆಗಿದ್ದು ನನಗೆ, ಇವರು ನೋಡಿದರೆ ತಾರೀಖು ಲೆಕ್ಕ ಹಾಕ್ತಾರೆ ಅಂತ.

ಆಮೇಲೆ ಒಂದೊಂದೇ ಬಾಗಿಲ ಬಗ್ಗೆ ಹೇಳಿದರು. ಲೋಕಾಯುಕ್ತದ ಮೇಲೆ ನನಗೆ ಬಹಳ ನಂಬಿಕೆ ಇತ್ತು. ಆದರೆ 1984ರ ಲೋಕಾಯುಕ್ತ ಕಾಯ್ದೆಯಲ್ಲೇ ನೌಕರರ ಸೇವಾ ವಿಷಯಗಳನ್ನು ಹೊರಗಿಟ್ಟಿದ್ದಾರಂತೆ, ವರ್ಗಾವಣೆ ರದ್ದು ಮಾಡಿ ಅಂತ ಅಲ್ಲಿ ಕೇಳಿದರೆ ಅರ್ಜಿ ವಾಪಸ್. ಖಾಲಿ ಅಳತೆ ಪುಸ್ತಕದ ವಿಷಯ ಬೇರೆ, ಅದು ಅಕ್ರಮದ ಆರೋಪ. ಅದಕ್ಕೆ ಅಫಿಡವಿಟ್ ಸಮೇತ ಬೇರೆಯದೇ ದೂರು ಕೊಡಬಹುದು, ಐದು ವರ್ಷದವರೆಗೆ ಕಾಲ ಇದೆ. ಅಂದರೆ ನನ್ನ ಒಂದು ಕಥೆಯನ್ನು ಎರಡು ಮಾಡಬೇಕಿತ್ತು. ಬಿಲ್ಲಿನದು ಅಂಬೇಡ್ಕರ್ ಬೀದಿಯ ಎಂ.ಎಸ್. ಬಿಲ್ಡಿಂಗ್‌ಗೆ, ವರ್ಗಾವಣೆಯದು ಕೆ.ಜಿ. ರಸ್ತೆಯ ಕಂದಾಯ ಭವನಕ್ಕೆ, ಅಂದರೆ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ (ಕೆಎಟಿ).

ಹೈಕೋರ್ಟಿಗೆ ನೇರವಾಗಿ ಹೋಗಬಾರದಾ ಅಂತ ಕೇಳಿದೆ. 1985ರ ಆಡಳಿತ ನ್ಯಾಯಮಂಡಳಿ ಕಾಯ್ದೆ ಬಂದ ಮೇಲೆ, 1986ರಲ್ಲಿ ಇಲ್ಲಿ ಕೆಎಟಿ ಶುರುವಾಯಿತು. ಅಲ್ಲಿಂದೀಚೆಗೆ ರಾಜ್ಯ ಸರ್ಕಾರಿ ನೌಕರರ ಸೇವಾ ವ್ಯಾಜ್ಯಕ್ಕೆ ಮೊದಲ ಮೆಟ್ಟಿಲು ಅದೇ. 1997ರಲ್ಲಿ ಚಂದ್ರಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಮಂಡಳಿ ಆದೇಶದ ಮೇಲೆ ಹೈಕೋರ್ಟಿನ ವಿಭಾಗೀಯ ಪೀಠಕ್ಕೆ ಹೋಗಬಹುದು, ಆದರೆ ಮಂಡಳಿಯನ್ನು ದಾಟಿ ಹೋಗುವ ಹಾಗಿಲ್ಲ. ನೇರ ರಿಟ್ ಹಾಕಿದ್ದರೆ 'ಮೊದಲು ಅಲ್ಲಿಗೆ ಹೋಗಿ' ಎನ್ನಿಸಿಕೊಂಡು ವಾಪಸ್ ಬರುತ್ತಿದ್ದೆ. ಅಷ್ಟರಲ್ಲಿ ನನ್ನ ಕುರ್ಚಿಯಲ್ಲಿ ಇನ್ನೊಬ್ಬರು ಕೂತಿರುತ್ತಿದ್ದರು.

ಇದು ಇಲಾಖೆಯ ನೌಕರರ ಮಾತು. ನನ್ನ ತಂಗಿ ಗಂಡ ಸಾರಿಗೆ ನಿಗಮದಲ್ಲಿ ಕಂಡಕ್ಟರ್, ಅವನಿಗೆ ಕೆಎಟಿ ಇಲ್ಲವೇ ಇಲ್ಲ. ಅವರದು ಲೇಬರ್ ಕೋರ್ಟ್ ಅಥವಾ ಹೈಕೋರ್ಟ್ ದಾರಿ. ಕೇಂದ್ರ ಸರ್ಕಾರದ ನೌಕರರಿಗೆ ಕೇಂದ್ರ ಆಡಳಿತ ನ್ಯಾಯಮಂಡಳಿ (ಸಿಎಟಿ), ಇಂದಿರಾನಗರದಲ್ಲಿದೆ. ಸಂಬಳ ಯಾರು ಕೊಡ್ತಾರೆ, ನೇಮಕಾತಿ ಆದೇಶಕ್ಕೆ ಯಾರು ಸಹಿ ಹಾಕಿದ್ದಾರೆ ಅಂತ ಮೊದಲು ನೋಡಿಕೊಳ್ಳಿ. ಪಕ್ಕದ ಟೇಬಲ್‌ನವರ ಕೇಸು ನಿಮ್ಮ ಕೇಸಲ್ಲ.

ಸಾಕ್ಷಿ ಹೇಳಿದವರನ್ನು, ದೂರು ಕೊಟ್ಟವರನ್ನು ಕಾಪಾಡುವ ಕಾನೂನು ಇಲ್ವಾ ಅಂತಲೂ ಕೇಳಿದೆ. ವಿಸಲ್ ಬ್ಲೋವರ್ ಕಾಯ್ದೆ 2014ರಲ್ಲೇ ಪಾಸಾಗಿದೆ, ಆದರೆ ಜಾರಿಗೆ ತಂದಿಲ್ಲ. ವಕೀಲರು ನಕ್ಕು ಸುಮ್ಮನಾದರು. ನನಗೆ ನಗು ಬರಲಿಲ್ಲ.

ರಾಜ್ಯಪಾಲರಿಗೆ ಬರೆದ ಪತ್ರವನ್ನು ಅವರು ಬೇರೆಯಾಗಿ ಎತ್ತಿಟ್ಟರು. ಆಡಳಿತ ನ್ಯಾಯಮಂಡಳಿ ಕಾಯ್ದೆಯ 20ನೇ ಕಲಂ ಪ್ರಕಾರ, ಇಲಾಖೆಯ ಒಳಗೆ ಇರುವ ಪರಿಹಾರ ಮುಗಿಸಿಕೊಂಡೇ ಮಂಡಳಿಗೆ ಬರಬೇಕು. ಮನವಿಗೆ ಉತ್ತರ ಬರದಿದ್ದರೆ ಆರು ತಿಂಗಳು ಕಾಯಬೇಕು. ರಾಜ್ಯಪಾಲರಿಗೆ ಮನವಿ ಕೊಡುವುದು ಕಡ್ಡಾಯವಲ್ಲ, ಆದರೆ ನೀವಾಗಿಯೇ ಕೊಟ್ಟರೆ ಅದೂ ಲೆಕ್ಕಕ್ಕೆ ಬರುತ್ತದೆ. 'ಅದರ ಉತ್ತರ ಬರೋ ತನಕ ಕಾಯಲಿ' ಅಂತ ಎದುರಿನವರು ಹೇಳಲು ನಾವೇ ದಾರಿ ಮಾಡಿಕೊಟ್ಟ ಹಾಗೆ. ಹತ್ತು ಕಡೆ ಅರ್ಜಿ ಹಾಕಿ ಅನ್ನುವ ಸಲಹೆಯಲ್ಲಿ ಇಂಥ ಗುಂಡಿ ಇರುತ್ತದೆ ಅಂತ ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಅದೇ ಕಲಮಿನಲ್ಲಿ 'ಸಾಮಾನ್ಯವಾಗಿ' ಎಂಬ ಒಂದು ಪದ ಇದೆ. ವರ್ಗಾವಣೆಯಂಥ ತುರ್ತಿನಲ್ಲಿ ಆರು ತಿಂಗಳು ಕಾದರೆ ಕಾದಿದ್ದಕ್ಕೆ ಅರ್ಥವೇ ಇರುವುದಿಲ್ಲ, ಆಗ ಆ ಪದ ಹಿಡಿದು ವಾದ ಮಾಡುತ್ತಾರೆ. ಮರುದಿನ ಬೆಳಿಗ್ಗೆ ಇಲಾಖಾ ಮುಖ್ಯಸ್ಥರಿಗೆ ಒಂದೇ ಪುಟದ ಮನವಿ ಕೊಟ್ಟೆ. ಟಪಾಲು ವಿಭಾಗದಲ್ಲಿ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಂಡೆ.

ಅವಸರ ಯಾಕೆ ಅಂದರೆ ಬಿಡುಗಡೆ. ಚಾರ್ಜ್ ಕೊಟ್ಟು ರಿಲೀವ್ ಆಗಿಬಿಟ್ಟರೆ ಮಂಡಳಿ ತಡೆಯುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ. ನಾನಿನ್ನೂ ಬೆಂಗಳೂರಿನಿಂದ ಬಿಡುಗಡೆ ಆಗಿರಲಿಲ್ಲ. ಹಾಗಾಗಿ ಕೆಎಟಿಯ ಬೆಳಗಾವಿ, ಕಲಬುರಗಿ ಪೀಠಗಳ ಮಾತು ಬರದೆ ಇಲ್ಲೇ ಹಾಕಲು ಆಯಿತು.

ಅರ್ಜಿ ಬರೆಯುವಾಗ ವಕೀಲರಿಗೂ ನನಗೂ ಜಗಳವೇ ಆಯಿತು. ನನಗೆ ಮೇಲಧಿಕಾರಿಯ ಸೇಡೇ ಮೊದಲ ಕಾರಣ ಆಗಬೇಕಿತ್ತು. ಅವರು 1974ರ ರಾಯಪ್ಪ ಪ್ರಕರಣ ಹೇಳಿದರು. ತಮಿಳುನಾಡಿನ ಮುಖ್ಯ ಕಾರ್ಯದರ್ಶಿ ಆಗಿದ್ದವರೇ ತಮ್ಮ ವರ್ಗಾವಣೆ ಹಿಂದೆ ಮುಖ್ಯಮಂತ್ರಿಯ ದುರುದ್ದೇಶ ಇದೆ ಅಂತ ಸುಪ್ರೀಂ ಕೋರ್ಟ್ ತನಕ ಹೋದರು, ಸಾಬೀತು ಮಾಡಲಾಗಲಿಲ್ಲ. ಆರೋಪಿಸುವವರ ಮೇಲೇ ಭಾರ, ಅದೂ ಬಹಳ ಭಾರ. ಜೊತೆಗೆ ದುರುದ್ದೇಶ ಅಂದರೆ ಆ ವ್ಯಕ್ತಿಯನ್ನು ಹೆಸರು ಹಿಡಿದು ಪ್ರತಿವಾದಿ ಮಾಡಬೇಕು, ಸುಮ್ನೆ 'ಮೇಲಧಿಕಾರಿ' ಅಂದರೆ ನಡೆಯಲ್ಲ. 1991ರ ಶಿಲ್ಪಿ ಬೋಸ್ ತೀರ್ಪು ಕೂಡ ಅದನ್ನೇ ಹೇಳುತ್ತದೆ: ಕಡ್ಡಾಯ ನಿಯಮ ಮುರಿದಿದ್ದರೆ ಅಥವಾ ದುರುದ್ದೇಶ ಇದ್ದರೆ ಮಾತ್ರ ವರ್ಗಾವಣೆಯಲ್ಲಿ ಕೈ ಹಾಕಬೇಕು. ಎರಡರಲ್ಲಿ ನಿಯಮ ಮುರಿದಿದ್ದನ್ನು ತೋರಿಸುವುದು ಸುಲಭ ಅಲ್ವಾ?

ನಿಯಮ ನಮ್ಮ ಹತ್ತಿರ ಇತ್ತು. 2013ರ ಜೂನ್ 7ರ ವರ್ಗಾವಣೆ ಮಾರ್ಗಸೂಚಿ. ಕನಿಷ್ಠ ಅವಧಿ ಮುಗಿಯುವ ಮೊದಲೇ ವರ್ಗ ಮಾಡಬೇಕಾದರೆ ಅದರ ಪ್ರಕಾರ ಕಾರಣ ಬರೆಯಬೇಕಿತ್ತು, ಮುಖ್ಯಮಂತ್ರಿಗಳ ಪೂರ್ವಾನುಮೋದನೆ ಬೇಕಿತ್ತು. ನನ್ನ ಆದೇಶದಲ್ಲಿ ಅನುಮೋದನೆಯ ಉಲ್ಲೇಖವೇ ಇರಲಿಲ್ಲ. ಅದು ಮೊದಲ ಕಾರಣವಾಯಿತು. ಎರಡನೆಯದು, ಇದು ಶಿಕ್ಷೆಯ ಬದಲು ಕೊಟ್ಟ ವರ್ಗಾವಣೆ ಎಂಬುದು. ಅದಕ್ಕೆ 2009ರ ಸೋಮೇಶ್ ತಿವಾರಿ ತೀರ್ಪು ಆಧಾರ. ಸೇಡು ಕೊನೆಯ ಪ್ಯಾರಾಕ್ಕೆ ಹೋಯಿತು. ನನ್ನ ಜಾಗಕ್ಕೆ ಬರುವವರನ್ನೂ ಪ್ರತಿವಾದಿ ಮಾಡಿದೆವು. ಅವರನ್ನು ಬಿಟ್ಟರೆ ಅರ್ಜಿ ಅಲ್ಲೇ ಕುಂಟುತ್ತದೆ. ಪಾಪ, ಅವರದೇನೂ ತಪ್ಪಿರಲಿಲ್ಲ.

ಯಥಾಸ್ಥಿತಿ ಕಾಪಾಡಿ ಅಂತ ಮಧ್ಯಂತರ ಆದೇಶ ಸಿಕ್ಕಿತು. ಎದುರಿನವರನ್ನು ಕೇಳದೆ ಕೊಟ್ಟ ಆದೇಶಕ್ಕೆ ಹದಿನಾಲ್ಕು ದಿನದ ಆಯುಸ್ಸು. ಅಷ್ಟರೊಳಗೆ ಅವರಿಗೆ ಪ್ರತಿ ಮುಟ್ಟಿಸಿ, ಅವರ ಮಾತು ಕೇಳಿದ ಮೇಲೆ ಮುಂದುವರಿಸಬೇಕು. ಆ ಹದಿನಾಲ್ಕು ದಿನ ನಾನು ಸರಿಯಾಗಿ ಊಟ ಮಾಡಿದ ನೆನಪಿಲ್ಲ. ನೋಟಿಸ್ ಮುಟ್ಟಿದೆಯಾ ಅಂತ ನೋಡಲು ಮೂರು ಸಲ ಮೈಸೂರು ಬ್ಯಾಂಕ್ ಸರ್ಕಲ್‌ನಲ್ಲಿ ಇಳಿದು ನಡೆದುಕೊಂಡು ಹೋದೆ. ಮುಂದಿನ ದಿನಾಂಕಕ್ಕೆ ಸರ್ಕಾರಿ ವಕೀಲರು ಮೂಲ ಕಡತ ತಂದರು. ಅನುಮೋದನೆ ಅದರಲ್ಲಿ ಇರಲಿಲ್ಲ.

ಕೆಲವು ತಿಂಗಳ ಮೇಲೆ ವರ್ಗಾವಣೆ ರದ್ದಾಯಿತು. ಆದೇಶದಲ್ಲಿ ಕೊನೆಯ ಪ್ಯಾರಾ ಹುಡುಕಿದೆ. ದುರುದ್ದೇಶದ ಆರೋಪವನ್ನು ಪರಿಶೀಲಿಸುವ ಅಗತ್ಯ ಕಾಣುವುದಿಲ್ಲ ಅಂತ ಒಂದೇ ಸಾಲು. ಗೆದ್ದ ಖುಷಿಯಲ್ಲೂ ಅದೊಂದು ಮುಳ್ಳು ಚುಚ್ಚಿತು. ನನಗೆ ಏನು ಮಾಡಿದರು ಅನ್ನುವುದು ಯಾವ ಕಾಗದದಲ್ಲೂ ಇಲ್ಲ.

ಕುರ್ಚಿ ಅದೇ ಇದೆ, ಬಿಲ್ ವಿಭಾಗ ನನ್ನದಲ್ಲ. ಈಗ ಟಪಾಲು ನೋಡುತ್ತೇನೆ. ಅದನ್ನು ಪ್ರಶ್ನಿಸಬಹುದಾ ಅಂತ ವಕೀಲರಿಗೆ ಫೋನ್ ಮಾಡಿದೆ. ಸೀಟು ಬದಲಾವಣೆಗೆ ಕೋರ್ಟಿಗೆ ಹೋಗಬೇಡಿ, ಅದು ನಿಲ್ಲಲ್ಲ ಎಂದರು. ಹಳೆ ಮೆಮೊಗೂ ಹಾಗೇ, ಶಿಕ್ಷೆ ಆಗದೆ ಬರೀ ಮೆಮೊ ಮೇಲೆ ಮಂಡಳಿಗೆ ಹೋಗೋದು ದುಡ್ಡು ದಂಡ, ಉತ್ತರ ಕೊಟ್ಟು ಪ್ರತಿ ಇಟ್ಟುಕೊಳ್ಳಿ ಎಂದರು. ಕೊಟ್ಟೆ. ಆರು ತಿಂಗಳ ಹಾಜರಾತಿ ಪ್ರತಿ ಲಗತ್ತಿಸಿದೆ. ಲೋಕಾಯುಕ್ತದ ದೂರಿಗೆ ನೋಟರಿ ಸಹಿ ಹಾಕಿಸುವುದು ಮಾತ್ರ ಇನ್ನೂ ಬಾಕಿ ಇದೆ. ಶನಿವಾರ ಹೋಗುತ್ತೇನೆ.