ಮೊಗ್ಗು ಕಂಡ ದಿನ ಮತ್ತೆ ಬೀಜ ಹಾಕಿ

ಮದುವೆಯಾಗಿ ಮಂಡ್ಯಕ್ಕೆ ಬಂದ ಹೊಸದರಲ್ಲಿ ಹಿತ್ತಲಲ್ಲಿ ಒಂದೇ ಸಲ 40 ಟೊಮೇಟೊ ಪೈರು ನೆಟ್ಟಿದ್ದೆ. ಹಣ್ಣೂ ಎಲ್ಲ ಒಟ್ಟಿಗೇ ಬಂತು. ಅಕ್ಕಪಕ್ಕದ ಮನೆಗೆ ಹಂಚಿದೆ, ದಿನಾ ಗೊಜ್ಜು ಮಾಡಿದೆ, ಆದರೂ ಬುಟ್ಟಿಯಲ್ಲಿ ಕೊಳೆಯಿತು. ಎರಡು ತಿಂಗಳು ಕಳೆಯುವಷ್ಟರಲ್ಲಿ ಸಾರಿಗೆ ಎರಡು ಹಣ್ಣು ಬೇಕೆಂದರೆ ಅಂಗಡಿಗೆ ಹೋಗಬೇಕಾಯಿತು. ಆಗ ನಮ್ಮತ್ತೆ ಹೇಳಿದರು, "ಒಂದು ಸಾಲಲ್ಲಿ ಮೊಗ್ಗು ಕಂಡ ದಿನ ಇನ್ನೊಂದು ಸಾಲಿಗೆ ಒಟ್ಲು ಹಾಕವ್ವ." ಒಟ್ಲು ಅಂದರೆ ಬೀಜ ಹಾಕಿ ಪೈರು ಬೆಳೆಸುವ ಪುಟ್ಟ ಮಡಿ. ಇವತ್ತಿಗೂ ನಾನು ಹಾಗೇ ಮಾಡುತ್ತೇನೆ.

ಲೆಕ್ಕ ನೋಡಿ. ಬೀಜ ಹಾಕಿ 25ರಿಂದ 30 ದಿನಕ್ಕೆ ಪೈರು ನಾಟಿಗೆ ಬರುತ್ತದೆ. ನೆಟ್ಟು ಮೂರು ವಾರ ಆಗುವಷ್ಟರಲ್ಲಿ ಮೊಗ್ಗು. ನೆಟ್ಟ 65–70 ದಿನಕ್ಕೆ ಮೊದಲ ಹಣ್ಣು. ಆಮೇಲೆ ಒಂದು, ಒಂದೂವರೆ ತಿಂಗಳು ಚೆನ್ನಾಗಿ ಕೊಟ್ಟು ಗಿಡ ಸೋಲುತ್ತದೆ. ಮೊಗ್ಗು ಕಂಡಾಗ ಹಾಕಿದ ಬೀಜದ ಗಿಡ ಸರಿಯಾಗಿ ಆ ಹೊತ್ತಿಗೆ ಹಣ್ಣಿಗೆ ಬರುತ್ತದೆ. ನಾಲ್ಕು ಜನರ ಮನೆಗೆ ಸರದಿಗೆ ಆರು ಗಿಡ ಸಾಕು. ಜಾಸ್ತಿ ಬೇಡ.

ಈ ಲೆಕ್ಕ ತಪ್ಪುವುದು ಬೇಸಿಗೆಯಲ್ಲಿ. ಹಗಲು 35 ಡಿಗ್ರಿ ದಾಟಿ ರಾತ್ರಿಯೂ ಸೆಕೆ ಇಳಿಯದಿದ್ದರೆ ಹೂವಿನ ಪರಾಗ ಕೆಡುತ್ತದೆ. ಕಾಯಿ ಕಟ್ಟುವುದಿಲ್ಲ. ಏಪ್ರಿಲ್‌ನಲ್ಲಿ ಹೂವಿನ ತೊಟ್ಟು ಹತ್ತಿರದಿಂದ ನೋಡಿ. ನಡುವೆ ಒಂದು ಗಿಣ್ಣು ಇರುತ್ತದಲ್ವಾ, ಅಲ್ಲಿ ಹಳದಿ ಆಗಿರುತ್ತದೆ. ಬೆರಳು ತಾಗಿದರೆ ಸಾಕು, ಹೂವು ಉದುರುತ್ತದೆ. ನೀರು ಕಮ್ಮಿ ಆಯಿತೆಂದು ಬಿಂದಿಗೆಗಟ್ಟಲೆ ಸುರಿದರೆ ಬೇರು ಕೊಳೆಯುತ್ತದೆಯೇ ಹೊರತು ಹೂವು ನಿಲ್ಲುವುದಿಲ್ಲ. ಆದ್ದರಿಂದ ಏಪ್ರಿಲ್‌ನಲ್ಲಿ ಹೂ ಬಿಡುವ ಗಿಡವನ್ನೇ ಇಡಬಾರದು. ಅಂದರೆ ಫೆಬ್ರವರಿಯಲ್ಲಿ ಬೀಜ ಹಾಕಬೇಡಿ. ಮೊಗ್ಗು ಕಂಡರೂ ಸುಮ್ನೆ ಇರಿ.

ಸಂಕ್ರಾಂತಿಗೆ ಹಾಕಿದ ಬೀಜ ಮಾರ್ಚ್ ಮಧ್ಯದಲ್ಲಿ ಹೂವಾಗಿ, ಬಿಸಿಲು ಏರುವ ಮೊದಲೇ ಕಾಯಿ ಕಟ್ಟುತ್ತದೆ. ಏಪ್ರಿಲ್ ಕೊನೆ, ಮೇ ತಿಂಗಳಿಗೆ ಅದೇ ಆಧಾರ. ಆ ಬಿಸಿಲಲ್ಲಿ ಹಣ್ಣು ಗಿಡದಲ್ಲೇ ಪೂರ್ತಿ ಕೆಂಪಾಗಲೆಂದು ಕಾಯಬೇಡಿ, ಹಳದಿಗೇ ನಿಂತುಬಿಡುತ್ತದೆ. ತುದಿಯಲ್ಲಿ ಬಣ್ಣ ತಿರುಗುತ್ತಿದ್ದಂತೆ ಕಿತ್ತು ಒಳಗೆ ನೆರಳಲ್ಲಿಡಿ. ಮೂರ್ನಾಲ್ಕು ದಿನದಲ್ಲಿ ಚೆನ್ನಾಗಿ ಕೆಂಪಾಗುತ್ತದೆ.

ದೀಪಾವಳಿಗೆ ಹಾಕಿದ್ದು ಎಲ್ಲಕ್ಕಿಂತ ಸುಲಭ. ಚಳಿಯಲ್ಲಿ ಹೂ, ಶಿವರಾತ್ರಿ ಹೊತ್ತಿಗೆ ಗೊಂಚಲು ಗೊಂಚಲು ಹಣ್ಣು. ಅದಕ್ಕೆ ಹೆಚ್ಚು ಹೇಳುವುದೇನೂ ಇಲ್ಲ.

ಮಳೆಗಾಲದ ಗಿಡಕ್ಕೆ ಮಾತ್ರ ಕೈ ಆಡಬೇಕು. ಆಷಾಢದ ಜಿಟಿಜಿಟಿಯಲ್ಲೂ ಹಸ್ತ, ಚಿತ್ತೆ ಮಳೆಯಲ್ಲೂ ಎಲೆ ಒದ್ದೆಯಾಗಿಯೇ ಇರುತ್ತದೆ, ಕಪ್ಪು ಮಚ್ಚೆ ಬಂದು ಅಂಗಮಾರಿ ರೋಗ ಹತ್ತುತ್ತದೆ. ಎರಡಡಿ ಅಂತರ ಬಿಡಿ, ಕೋಲು ಕೊಟ್ಟು ಕಟ್ಟಿ. ನೆಲ ಮುಟ್ಟುವ ಎಲೆ ಚಿವುಟಿ ಹಾಕಿ. ಬುಡಕ್ಕೆ ಒಣಗಿದ ಕಬ್ಬಿನ ಸೋಗೆ ಹಾಸಿ, ಮಂಡ್ಯದಲ್ಲಿ ಅದಕ್ಕೇನು ಬರವಿಲ್ಲ. ಮಣ್ಣು ಎಲೆಗೆ ಸಿಡಿಯುವುದು ನಿಲ್ಲುತ್ತದೆ. ಬದನೆ, ಮೆಣಸಿನಕಾಯಿ ಇದ್ದ ಜಾಗದಲ್ಲಿ ಟೊಮೇಟೊ ನೆಡಬೇಡಿ, ಒಂದರ ರೋಗ ಇನ್ನೊಂದಕ್ಕೆ ಬರುತ್ತದೆ.

ನನಗೆ ಎಲ್ಲಕ್ಕಿಂತ ಮುಖ್ಯ ಯುಗಾದಿ ಸರದಿ. ಬೇರೆಯವರು ಬಿಡುವುದೂ ಇದನ್ನೇ. ಜುಲೈನಲ್ಲಿ ಪೇಟೆಗೆ ಹಣ್ಣು ಕಮ್ಮಿ ಬಂದರೆ ಬೆಲೆ ಏರುತ್ತದೆ. 2023ರ ಜುಲೈನಲ್ಲಿ ಕೆ.ಜಿ.ಗೆ 100 ರೂಪಾಯಿ ದಾಟಿದ್ದು ನೆನಪಿದೆಯಲ್ವಾ? ಯುಗಾದಿ ಆಸುಪಾಸು ಬೀಜ ಹಾಕಿದರೆ ಮೇ ಮಳೆ ಬಿದ್ದು ತಂಪಾಗುವ ಹೊತ್ತಿಗೆ ಹೂವು, ಜುಲೈಗೆ ಹಣ್ಣು. ಆದರೆ ಆ ಬಿಸಿಲಲ್ಲಿ ಬಿಳಿ ನೊಣದ ಕಾಟ. ಅದು ಕೂತು ರಸ ಹೀರಿದ ಪೈರಿಗೆ ಎಲೆ ಮುದುರಿಕೊಳ್ಳುವ ಮುಟುರು ರೋಗ ಬರುತ್ತದೆ, ಬಂದ ಮೇಲೆ ಮದ್ದಿಲ್ಲ, ಕಿತ್ತು ಹಾಕಬೇಕು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ ಈ ರೋಗವನ್ನು ತಡೆಯುತ್ತದೆ. ಹೈಬ್ರಿಡ್ ಆದ್ದರಿಂದ ಬೀಜ ಪ್ರತಿ ಸಲ ಹೊಸದೇ ಕೊಳ್ಳಬೇಕು. ನಾನು ಒಟ್ಲನ್ನು ಹುಣಸೆ ಮರದ ಅಂಚು ನೆರಳಲ್ಲಿ ಇಡುತ್ತೇನೆ. ನಾಲ್ಕು ಕಡ್ಡಿ ಚುಚ್ಚಿ, ಹಳೆಯ ಬಿಳಿ ಪಂಚೆ ಹೊದಿಸಿ, ಅಂಚಿಗೆಲ್ಲ ಮಣ್ಣು ಒತ್ತುತ್ತೇನೆ. ನೀರು ಪಂಚೆ ಮೇಲಿಂದಲೇ ಚಿಮುಕಿಸುವುದು. ನಾಟಿಯ ದಿನ ಸಂಜೆ ತೆಗೆದು, ಪೈರನ್ನು ಮೊದಲ ಎಲೆವರೆಗೂ ಮಣ್ಣಲ್ಲಿ ಹೂಳಿ ನೆಡುತ್ತೇನೆ. ಹೂತ ಕಾಂಡದಿಂದಲೂ ಬೇರು ಬರುತ್ತದೆ.