ಟ್ರಿಮ್5-ಆಲ್ಫಾ ವೈರಸ್ಸನ್ನು ಎಷ್ಟು ತಡೆಯುತ್ತದೆ: ನಾನು ಅಳೆಯುವ ಕ್ರಮ

ಎಚ್‌ಐವಿ-1 ರೀಸಸ್ ಕೋತಿಯ ಜೀವಕೋಶದೊಳಗೆ ಹೋಗುತ್ತದೆ, ಆದರೆ ಅಲ್ಲಿ ಸೋಂಕು ಹಿಡಿಯುವುದಿಲ್ಲ. ಟ್ರಿಮ್5-ಆಲ್ಫಾ ಪ್ರೋಟೀನೇ ಅದಕ್ಕೆ ಕಾರಣವೆಂದು 2004ರಲ್ಲಿ ತಿಳಿಯಿತು. ವೈರಸ್ಸಿನ ಕ್ಯಾಪ್ಸಿಡ್ ಚಿಪ್ಪಿನ ಮೇಲೆ ಅದು ಷಟ್ಕೋನಗಳ ಬಲೆ ಹೆಣೆದು, ಆರ್‌ಎನ್‌ಎ ಪೂರ್ತಿ ಡಿಎನ್‌ಎ ಆಗುವ ಮುನ್ನವೇ ಚಿಪ್ಪನ್ನು ಕೆಡಿಸುತ್ತದೆ. ಮನುಷ್ಯರ ಟ್ರಿಮ್5-ಆಲ್ಫಾಕ್ಕೆ ಈ ವೈರಸ್ಸಿನ ಮೇಲೆ ಅಷ್ಟು ಬಲವಿಲ್ಲ. ಆದರೂ ಅದರ 332ನೇ ಸ್ಥಾನದ ಆರ್ಜಿನಿನ್ ತೆಗೆದು ಪ್ರೋಲಿನ್ ಕೂರಿಸಿದರೆ ಸಾಕು, ತಡೆ ಚೆನ್ನಾಗಿ ಕಾಣುತ್ತದೆ. ಒಂದೇ ಅಮೈನೋ ಆಮ್ಲ! ಈ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಸಂಗತಿ ಇದು.

ಕೋಶಗಳಿಗೆ ಬೆಕ್ಕಿನ ಮೂತ್ರಪಿಂಡದ ಸಿಆರ್‌ಎಫ್‌ಕೆ ಆರಿಸುತ್ತೇನೆ. ಬೆಕ್ಕಿನಲ್ಲಿ ಕೆಲಸ ಮಾಡುವ ಟ್ರಿಮ್5 ಇಲ್ಲ, ಹಾಗಾಗಿ ಕಾಣುವ ತಡೆಯೆಲ್ಲ ನಾವು ಸೇರಿಸಿದ ಜೀನಿನದೇ. ಎಚ್‌ಎ ಟ್ಯಾಗ್ (ಪ್ರೋಟೀನನ್ನು ಗುರುತಿಸಲು ಅಂಟಿಸುವ ಸಣ್ಣ ತುಣುಕು) ಇರುವ ಟ್ರಿಮ್5 ಜೀನನ್ನು ಇಲಿಯ ರೆಟ್ರೋವೈರಸ್ ವೆಕ್ಟರಿನಲ್ಲಿ, ಅಂದರೆ ಜೀನ್ ಒಯ್ಯುವ ವೈರಸ್ಸಿನಲ್ಲಿ, ಕೋಶಗಳಿಗೆ ಸೇರಿಸಿ, ಜೀನ್ ಸೇರದ ಕೋಶಗಳನ್ನು ಕೊಲ್ಲುವ ಪ್ಯೂರೋಮೈಸಿನ್‌ನಿಂದ ಆಯ್ದುಕೊಳ್ಳಬೇಕು. ಔಷಧದ ಪ್ರಮಾಣವನ್ನು ಮೊದಲು ಬರಿಯ ಕೋಶಗಳ ಮೇಲೆ ನೋಡಿಕೊಳ್ಳಿ. ಖಾಲಿ ವೆಕ್ಟರಿನ ಕೋಶಗಳೂ ಅದೇ ದಿನ, ಅದೇ ರೀತಿ ತಯಾರಾಗಬೇಕು.

ವೈರಸ್ಸಿಗೆ ಜಿಎಫ್‌ಪಿ (ಸೋಂಕಿದ ಕೋಶವನ್ನು ಹಸಿರಾಗಿ ಹೊಳೆಸುವ ಪ್ರೋಟೀನ್) ಜೀನ್ ಇರುವ, ಒಂದೇ ಸುತ್ತು ಸೋಂಕುವ, ವಿಎಸ್‌ವಿ-ಜಿ ಎಂಬ ಬೇರೊಂದು ವೈರಸ್ಸಿನ ಹೊದಿಕೆ ಪ್ರೋಟೀನ್ ತೊಟ್ಟ ಎಚ್‌ಐವಿ-1 ವೆಕ್ಟರ್. ವೈರಸ್ ತಯಾರಿಸುವ 293ಟಿ ಎಂಬ ಮನುಷ್ಯರ ಕೋಶಗಳಿಗೆ ಅದರ ಜೀನುಗಳಿರುವ ಪ್ಲಾಸ್ಮಿಡ್ (ಉಂಗುರದಂಥ ಡಿಎನ್‌ಎ) ಹಾಕಿ, 48 ಗಂಟೆಯ ನಂತರ ದ್ರವವನ್ನು 0.45 ಮೈಕ್ರಾನ್ ಶೋಧಕದಲ್ಲಿ ಸೋಸಿ, ಸಣ್ಣ ಪಾಲುಗಳಾಗಿ ಮೈನಸ್ 80 ಡಿಗ್ರಿಯಲ್ಲಿಡುತ್ತೇನೆ. ಒಮ್ಮೆ ಕರಗಿಸಿದ ಪಾಲನ್ನು ಮತ್ತೆ ಹೆಪ್ಪುಗಟ್ಟಿಸಿದರೆ ವೈರಸ್ಸಿನ ಬಲ ಇಳಿಯುತ್ತದೆ.

24 ಗುಳಿಯ ತಟ್ಟೆಯಲ್ಲಿ ಗುಳಿಗೆ 50,000 ಕೋಶ. ಮಾರನೆಯ ದಿನ ವೈರಸ್ಸನ್ನು ಪ್ರತಿ ಹಂತದಲ್ಲಿ ಮೂರು ಪಟ್ಟು ತೆಳುವಾಗಿಸಿದ ಆರು ಡೋಸ್, 48 ಗಂಟೆಯಲ್ಲಿ ಹಸಿರು ಕೋಶಗಳನ್ನು ಎಣಿಸಲು ಫ್ಲೋ ಸೈಟೋಮೀಟರ್. ಒಂದೇ ಡೋಸಿನ ಫಲಿತಾಂಶವನ್ನು ನಾನು ನಂಬುವುದಿಲ್ಲ. ವೈರಸ್ ಹೆಚ್ಚಾದರೆ ಟ್ರಿಮ್5-ಆಲ್ಫಾ ಅಷ್ಟೂ ಚಿಪ್ಪುಗಳನ್ನು ಹಿಡಿಯಲಾರದೆ ಸೋಲುತ್ತದೆ. ಆಗ ಇರುವ ತಡೆಯೂ ಇಲ್ಲವೆಂದು ತೋರುತ್ತದೆ. ಜಿಎಫ್‌ಪಿ ಕೋಶಗಳು ಶೇ 1ರಿಂದ 30ರೊಳಗೆ ಇರುವ ಬಿಂದುಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ. ಅದಕ್ಕಿಂತ ಮೇಲೆ ಒಂದೇ ಕೋಶಕ್ಕೆ ಎರಡು ಮೂರು ವೈರಸ್ ತಗುಲಿರುತ್ತವೆ.

ಪ್ರೋಟೀನ್ ಅತಿಯಾಗಿ ತಯಾರಾದರೂ ತೊಂದರೆಯೇ: ಸಹಜ ಪ್ರಮಾಣದಲ್ಲಿ ಕಾಣದ ತಡೆ ಕಾಣಿಸಿಕೊಳ್ಳುತ್ತದೆ. ಎರಡು ಪ್ರಾಣಿಗಳ ಟ್ರಿಮ್5 ಹೋಲಿಸುವ ಮೊದಲು ಎಚ್‌ಎ ವೆಸ್ಟರ್ನ್ ಬ್ಲಾಟ್‌ನಲ್ಲಿ (ಟ್ಯಾಗಿನ ಮೂಲಕ ಪ್ರೋಟೀನ್ ಪ್ರಮಾಣ ತೋರಿಸುವ ಪರೀಕ್ಷೆ) ಪ್ರಮಾಣ ಸರಿಸಮವೇ ನೋಡಿ.

ಮನುಷ್ಯರ ಪ್ರೋಟೀನ್ ನಿಜಕ್ಕೂ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಇಲಿಯ ಲ್ಯುಕೇಮಿಯಾ ವೈರಸ್ಸಿನ ಎರಡು ಬಗೆಗಳಾದ ಎನ್-ಎಂಎಲ್‌ವಿ ಮತ್ತು ಬಿ-ಎಂಎಲ್‌ವಿ ಜೋಡಿ ಬಳಸಿ. ಮೊದಲನೆಯದನ್ನು ಅದು ಬಲವಾಗಿ ತಡೆಯಬೇಕು, ಎರಡನೆಯದನ್ನು ಬಿಡಬೇಕು. ವ್ಯತ್ಯಾಸ ಮುಖ್ಯವಾಗಿ ಕ್ಯಾಪ್ಸಿಡ್ಡಿನ 110ನೇ ಅಮೈನೋ ಆಮ್ಲದಲ್ಲಿದೆ. ಎಚ್‌ಐವಿ ತಟ್ಟೆಯ ಒಂದು ಗುಳಿಗೆ ಆರ್‌ಎನ್‌ಎ ಡಿಎನ್‌ಎ ಆಗುವುದನ್ನು ತಡೆಯುವ ನೆವಿರಾಪಿನ್ ಔಷಧ ಹಾಕಿ: ಅಲ್ಲೂ ಹಸಿರು ಉಳಿದರೆ ಅದು ಸೋಂಕಲ್ಲ, 293ಟಿಯಿಂದ ಬಂದ ಪ್ಲಾಸ್ಮಿಡ್ ಅಥವಾ ಜಿಎಫ್‌ಪಿ ಪ್ರೋಟೀನಿನ ಉಳಿಕೆ. ವೈರಸ್ ದಾಸ್ತಾನಿಗೆ ಡಿಎನ್‌ಎಯನ್ನು ಕತ್ತರಿಸುವ ಡಿಎನೇಸ್ ಹಾಕಿ, ಸೋಂಕಿಸಿದ ಮಾರನೆಯ ದಿನ ಮಾಧ್ಯಮ ಬದಲಿಸಿದರೆ ಇದು ಬಹುಪಾಲು ತಗ್ಗುತ್ತದೆ.