ಅಜ್ಜಿಯ ಹಾಡು ಒಂದೇ ಸಾಲಾದಾಗ

ಅಜ್ಜಿಯ ಬಾಯಲ್ಲಿದ್ದ ಮಾತುಗಳನ್ನೆಲ್ಲ ಒಂದು ಕಡೆ ಕೂಡಿಡಬೇಕು ಅನ್ನಿಸಿ ಒಂದು ಎಕ್ಸ್‌ಎಂಎಲ್ ಫೈಲ್ ಶುರು ಮಾಡಿದೆ. ಮಾಹಿತಿಯ ಪ್ರತಿ ತುಣುಕಿಗೂ ಟ್ಯಾಗ್ ಅನ್ನೋ ಹೆಸರಿನ ಚೀಟಿ ಅಂಟಿಸಿ ಬರೆದಿಡುವ ವಿಧಾನ ಅದು. ಟ್ಯಾಗ್ ಹೆಸರುಗಳನ್ನೂ ಕನ್ನಡದಲ್ಲೇ ಇಟ್ಟೆ. ಎಕ್ಸ್‌ಎಂಎಲ್‌ನ 1998ರ ಮೊದಲ ಆವೃತ್ತಿಯಿಂದಲೂ ಅದಕ್ಕೆ ಅವಕಾಶವಿದೆ.

ಮೊದಲು ಎಲ್ಲವನ್ನೂ ಆಟ್ರಿಬ್ಯೂಟ್‌ಗೇ, ಅಂದರೆ ಟ್ಯಾಗ್ ಒಳಗೇ ರೂಪ="ನಡೆ" ಅನ್ನೋ ಥರ ಬರೆಯುವ ಜಾಗಕ್ಕೇ, ತುಂಬಿದೆ. ಒಂದು ಪದಕ್ಕೆ ಒಂದೇ ಸಾಲು, ನೋಡೋಕೂ ಚೆಂದ:

<ಪದ ರೂಪ="ನಡೆ" ವರ್ಗ="ನಾಮಪದ" ಅರ್ಥ="ನಡತೆ"/>

ಆದರೆ ‘ಹೆಜ್ಜೆ ಹಾಕು’ ಅನ್ನೋ ಅರ್ಥವೂ ಬೇಕಲ್ವಾ? ಒಂದೇ ಟ್ಯಾಗ್‌ನಲ್ಲಿ ಒಂದೇ ಹೆಸರಿನ ಆಟ್ರಿಬ್ಯೂಟ್ ಎರಡು ಸಲ ಬರೆಯುವ ಹಾಗಿಲ್ಲ. ಬರೆದರೆ ಪಾರ್ಸರ್, ಅಂದರೆ ಫೈಲ್ ಓದಿ ಬಿಡಿಸುವ ಪ್ರೋಗ್ರಾಂ, ಅಲ್ಲೇ ನಿಂತುಬಿಡುತ್ತದೆ. ಅರ್ಥ1, ಅರ್ಥ2 ಅಂತ ಮಾಡಿದೆ. ಆಮೇಲೆ ವರ್ಗ1, ವರ್ಗ2. ಯಾವುದು ಯಾವುದರ ಜೋಡಿ ಅಂತ ಅಂಕಿ ಹಿಡಿದು ಹುಡುಕುವ ಪಾಡು ಬಂತು.

ಇಷ್ಟಾದರೂ ಎಳೆದುಕೊಂಡು ಹೋಗುತ್ತಿದ್ದೆನೋ ಏನೋ. ಕಣ್ಣು ತೆರೆಸಿದ್ದು ಒಂದು ಬೀಸುವ ಪದ. ಮೂರು ಸಾಲಿನ ತ್ರಿಪದಿ. ಅದನ್ನು ‘ಬಳಕೆ’ ಅನ್ನೋ ಆಟ್ರಿಬ್ಯೂಟ್ ಒಳಗೆ ಸಾಲು ಮುರಿದೇ ಬರೆದಿದ್ದೆ. ಪ್ರೋಗ್ರಾಂ ಫೈಲನ್ನು ಓದಿ ಮತ್ತೆ ಉಳಿಸಿದಾಗ ಮೂರೂ ಸಾಲು ಒಂದಾಗಿತ್ತು! ಪ್ರೋಗ್ರಾಂ ತಪ್ಪಲ್ಲ. ಆಟ್ರಿಬ್ಯೂಟ್ ಒಳಗಿನ ಸಾಲು ಮುರಿತವನ್ನು ಬರೀ ಸ್ಪೇಸ್ ಮಾಡಬೇಕು ಅನ್ನೋದೇ ನಿಯಮ. ಸಾಲು ಮುರಿತದ ಸಂಕೇತವಾದ &#10; ಅಂತ ಬರೆದರೆ ಉಳಿಯುತ್ತದೆ, ನಿಜ. ಆದರೆ ಅಜ್ಜಿಯ ಹಾಡಿನ ಮಧ್ಯೆ ಅದನ್ನು ತುರುಕೋಕೆ ಮನಸ್ಸು ಬರಲಿಲ್ಲ.

ಎಲ್ಲ ಬಿಚ್ಚಿ ಹೀಗೆ ಕಟ್ಟಿದೆ:

<ಪದ ಗುರುತು="ಪ12">
  <ರೂಪ>ನಡೆ</ರೂಪ>
  <ಅರ್ಥ ವರ್ಗ="ನಾಮಪದ">ನಡತೆ</ಅರ್ಥ>
  <ಅರ್ಥ ವರ್ಗ="ಕ್ರಿಯಾಪದ">ಹೆಜ್ಜೆ ಹಾಕು</ಅರ್ಥ>
</ಪದ>

ಟ್ಯಾಗ್‌ಗಳನ್ನೆಲ್ಲ ಅಳಿಸಿದರೆ ಓದುವವರಿಗೆ ಏನು ಉಳಿಯಬೇಕು? ಅದೆಲ್ಲ ಎಲಿಮೆಂಟ್ ಆಯಿತು, ಅಂದರೆ ತೆರೆಯುವ ಟ್ಯಾಗ್‌ಗೂ ಮುಚ್ಚುವ ಟ್ಯಾಗ್‌ಗೂ ನಡುವೆ ಬಂತು. ಹುಡುಕೋಕೆ, ವಿಂಗಡಿಸೋಕೆ ಬೇಕಾದ ಚಿಕ್ಕ ಗುರುತುಗಳು ಆಟ್ರಿಬ್ಯೂಟ್ ಆಗಿಯೇ ಉಳಿದವು. ವರ್ಗ ಆಟ್ರಿಬ್ಯೂಟ್ ಆಗಿದ್ದರಲ್ಲಿ ತಪ್ಪಿರಲಿಲ್ಲ. ಪದಕ್ಕೆ ಅಂಟಿಸಿದ್ದೆ, ಅಂಟಬೇಕಾಗಿದ್ದು ಅರ್ಥಕ್ಕೆ. ಇನ್ನೊಂದು ಲಾಭ: ಅರ್ಥಗಳು ನಾನು ಬರೆದ ಕ್ರಮದಲ್ಲೇ ಇರುತ್ತವೆ. ಆಟ್ರಿಬ್ಯೂಟ್‌ಗಳಿಗೆ ಆ ಖಾತ್ರಿ ಇಲ್ಲ.

‘ಊರು’ ವಿಷಯದಲ್ಲಿ ಜಾಸ್ತಿ ತಡವರಿಸಿದೆ. ಪದಕ್ಕೆ ಒಂದೇ ಊರು ಅಂದುಕೊಂಡು ಆಟ್ರಿಬ್ಯೂಟ್ ಮಾಡಿದ್ದೆ. ಅತ್ತೆ ಬಂದು, ‘ಇದನ್ನ ನಮ್ಮ ಕಡೇನೂ ಅಂತಾರೆ ಕಣೋ, ಆದ್ರೆ ಬೈಯೋವಾಗ ಮಾತ್ರ’ ಅಂದರು. ಊರಿನ ಜೊತೆ ಅಲ್ಲಿನ ಬಳಕೆಯೂ ಬರಬೇಕಾಯಿತು. ಅವತ್ತೇ ಅದನ್ನೂ ಎಲಿಮೆಂಟ್ ಮಾಡಿದೆ.

ಹಾಡಿನ ಪ್ರತಿ ಸಾಲಿಗೂ ಈಗ ಒಂದೊಂದು <ಸಾಲು> ಇದೆ. ಹಳೇ ನೋಟ್‌ಬುಕ್ ಪಕ್ಕದಲ್ಲಿಟ್ಟುಕೊಂಡು, ಅಜ್ಜಿ ಎಲ್ಲಿ ಉಸಿರು ಎಳೆದುಕೊಳ್ಳುತ್ತಿದ್ದರೋ ಅಲ್ಲೇ ಮುರಿದಿದ್ದೇನೆ.